ಲ್ಯಾಬಿನ 64 ಸಿಸ್ಟಂಲಿ ಒಂದು ಲೈನ್ ಬದಲಾಯಿಸೋದು: ಎರಡು ವರ್ಷ ಆನ್ಸಿಬಲ್ ಬಳಸಿದ ಅನುಭವ

ನಾನು ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಸಿಸ್ಟಂ ಅಡ್ಮಿನ್. ಎರಡು ಲ್ಯಾಬು, ಒಂದೊಂದರಲ್ಲಿ 32 ಸಿಸ್ಟಂ, ಎಲ್ಲದರಲ್ಲೂ ಉಬುಂಟು ಅನ್ನೋ ಲಿನಕ್ಸ್. ಆನ್ಸಿಬಲ್ ಅಂದ್ರೆ ಒಂದೇ ಮಷೀನಿಂದ ಇಂಥ ಎಲ್ಲ ಸಿಸ್ಟಂಗಳ ಸೆಟ್ಟಿಂಗನ್ನೂ ಒಟ್ಟಿಗೆ ಮಾಡೋ ಟೂಲ್. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋದೇ ದೊಡ್ಡ ಕೆಲಸ ಅಂತ ತುಂಬ ಜನ ಅಂದ್ಕೊಂಡಿರ್ತಾರೆ, ಅದಲ್ಲ. ಪ್ಯಾಕೇಜ್ ಹಾಕೋದು ಒಂದು ಕಮಾಂಡ್ ಅಷ್ಟೇ. ಹಾಕಿದ ಮೇಲೆ ಅದರ ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದಿಡೋ ಫೈಲ್) ತೆಗೆದು, ಸಾಫ್ಟ್‌ವೇರ್ ಬಳಸೋಕೆ ಅನುಮತಿ ಕೊಡೋ ಲೈಸೆನ್ಸ್ ಸರ್ವರ್ ಅಡ್ರೆಸ್ ಬರೀಬೇಕು, ಪ್ರಾಕ್ಸಿ ಬರೀಬೇಕು, ಹೋಸ್ಟ್ಸ್ ಫೈಲಿಗೆ ಒಂದು ಲೈನ್ ಸೇರಿಸ್ಬೇಕು, ತಲೆನೋವು ಇರೋದು ಅಲ್ಲಿ. ಒಂದು ಸಿಸ್ಟಂಗೆ ಎರಡೇ ನಿಮಿಷ ಅಂದ್ರೂ 64ಕ್ಕೆ ಎರಡು ಗಂಟೆ ದಾಟತ್ತೆ, ಅದೂ ಎಲ್ಲೂ ಒಂದು ಅಕ್ಷರ ತಪ್ಪದೇ ಇದ್ರೆ.

ಮೊದಲು ನಾನು ಶೆಲ್ ಸ್ಕ್ರಿಪ್ಟಲ್ಲೇ (ಕಮಾಂಡುಗಳನ್ನ ಸಾಲಾಗಿ ಬರೆದಿಟ್ಟ ಫೈಲ್) ಮಾಡ್ತಿದ್ದೆ. ಐಪಿ ಲಿಸ್ಟ್ ಇಟ್ಕೊಂಡು ಲೂಪ್ ಹಾಕಿ ಎಸ್‌ಎಸ್‌ಎಚ್‌ಲಿ (ನೆಟ್‌ವರ್ಕಲ್ಲಿ ದೂರದಿಂದಲೇ ಲಾಗಿನ್ ಆಗೋ ದಾರಿ) ಒಂದೊಂದಕ್ಕೂ ಹೋಗಿ, ಫೈಲ್ ತಿದ್ದೋ ಸೆಡ್ ಕಮಾಂಡಲ್ಲಿ ಲೈನ್ ಸೇರಿಸೋದು. ಎಲ್ಲ ಸಿಸ್ಟಂ ಆನ್ ಇದ್ರೆ ಚೆನ್ನಾಗೇ ನಡೀತಿತ್ತು, ಆದ್ರೆ ಲ್ಯಾಬಲ್ಲಿ ಹೆಚ್ಚಿನ ದಿನ ನಾಲ್ಕೈದು ಆಫ್ ಇರತ್ತೆ, ಅವಕ್ಕೋಸ್ಕರ ಮಾರನೇ ದಿನ ಸ್ಕ್ರಿಪ್ಟ್ ಮತ್ತೆ ಓಡಿಸಿದ್ರೆ ಮೊದಲೇ ಆಗಿದ್ದ ಅರವತ್ತರಲ್ಲೂ ಅದೇ ಲೈನ್ ಎರಡನೇ ಸಲ ಸೇರ್ಕೊಂಡಿರೋದು. ಸೆಡ್ ತಪ್ಪು ಅಲ್ಲ ಅದು, ಸೇರಿಸು ಅಂದ್ರೆ ಸೇರಿಸತ್ತೆ, ಮೊದಲೇ ಇದೆಯಾ ಅಂತ ನೋಡೋದು ನಮ್ಮ ಜವಾಬ್ದಾರಿ.

ಆಮೇಲೆ ಆನ್ಸಿಬಲ್‌ಗೆ ಬಂದೆ. ಮೈಕೆಲ್ ಡಿಹಾನ್ ಅನ್ನೋರು 2012ರಲ್ಲಿ ಶುರು ಮಾಡಿದ್ದು, 2015ರಲ್ಲಿ ರೆಡ್ ಹ್ಯಾಟ್ ತಗೊಳ್ತು, ಓಪನ್ ಸೋರ್ಸ್, ದುಡ್ಡು ಕೊಡೋದು ಬೇಡ. ನನಗೆ ಹಿಡಿಸಿದ್ದು ಏನಂದ್ರೆ ಲ್ಯಾಬ್ ಸಿಸ್ಟಂಗಳಲ್ಲಿ ಏಜೆಂಟ್ ಅಂತ ಯಾವ ಸಹಾಯಕ ಪ್ರೋಗ್ರಾಮನ್ನೂ ಹಾಕೋದು ಬೇಡ, ಎಸ್‌ಎಸ್‌ಎಚ್ ಮತ್ತೆ ಪೈಥಾನ್ ಇದ್ರೆ ಸಾಕು, ಉಬುಂಟುಲಿ ಪೈಥಾನ್ ಹೇಗೂ ಇರತ್ತೆ. ನಿಮ್ಮ ಒಂದು ಮಷೀನಿಂದ ಎಲ್ಲದಕ್ಕೂ ಹೋಗತ್ತೆ. ಒಂದು ಸಲಕ್ಕೆ ಐದೇ ಸಿಸ್ಟಂ ಹಿಡಿಯತ್ತೆ, ಅದು ಡಿಫಾಲ್ಟು, ಫೋರ್ಕ್ಸ್ ಅನ್ನೋ ಸೆಟ್ಟಿಂಗ್ 20 ಮಾಡ್ಕೊಳಿ, ವ್ಯತ್ಯಾಸ ಕಾಣತ್ತೆ.

ಟೆಕ್ಸ್ಟ್ ಫೈಲ್ ವಿಷಯಕ್ಕೆ ಬರ್ತೀನಿ, ಈ ರಿವ್ಯೂ ಬರೀತಿರೋದೇ ಅದಕ್ಕೆ. ಲೈನ್‌ಇನ್‌ಫೈಲ್ ಅಂತ ಒಂದು ಮಾಡ್ಯೂಲ್ ಇದೆ, ಮಾಡ್ಯೂಲ್ ಅಂದ್ರೆ ಒಂದು ನಿರ್ದಿಷ್ಟ ಕೆಲಸ ಮಾಡೋ ಆನ್ಸಿಬಲ್ ಭಾಗ. ಅದಕ್ಕೆ ನೀವು "ಈ ಲೈನ್ ಸೇರಿಸು" ಅಂತ ಹೇಳೋದಲ್ಲ, "ಈ ಫೈಲಲ್ಲಿ ಈ ಲೈನ್ ಇರ್ಬೇಕು" ಅಂತ ಹೇಳೋದು. ಇದ್ರೆ ಸುಮ್ಮನೆ ಬಿಡತ್ತೆ, ಓಕೆ ಅಂತ ಹಸಿರಲ್ಲಿ ತೋರಿಸತ್ತೆ, ಇಲ್ಲದಿದ್ರೆ ಹಾಕಿ ಚೇಂಜ್ಡ್ ಅಂತ ಹಳದಿಲಿ ತೋರಿಸತ್ತೆ. ಹತ್ತು ಸಲ ಓಡಿಸಿದ್ರೂ ಲೈನ್ ಒಂದೇ. ಸ್ಕ್ರಿಪ್ಟಲ್ಲಿ ಒದ್ದಾಡಿದವರಿಗೆ ಇದು ಎಷ್ಟು ನೆಮ್ಮದಿ ಅಂತ ಗೊತ್ತಾಗತ್ತೆ.

ಆದ್ರೆ ಇಲ್ಲೊಂದು ಜಾಗ ಇದೆ, ನಾನು ಬಿದ್ದಿದ್ದು ಅಲ್ಲೇ, ಹೊಸಬರು ದಯವಿಟ್ಟು ಪೂರ್ತಿ ಓದಿ. ಸರ್ಕ್ಯೂಟ್ ಡಿಸೈನ್ ಸಾಫ್ಟ್‌ವೇರ್ ಒಂದು ಹಾಕಿದ್ವಿ, ಅದರ ಕಾನ್ಫಿಗ್ ಫೈಲಲ್ಲಿ ಸರ್ವರ್ ಅಡ್ರೆಸ್ಸಿನ ಲೈನ್ ಮುಂದೆ ಹ್ಯಾಶ್ (#) ಹಾಕಿ ಕಾಮೆಂಟ್ ಮಾಡಿರ್ತಾರೆ, ಅಂದ್ರೆ ಸಾಫ್ಟ್‌ವೇರ್ ಆ ಲೈನ್ ಓದಲ್ಲ, ನಾವು ಹ್ಯಾಶ್ ತೆಗೆದು ನಮ್ಮ ಅಡ್ರೆಸ್ ಬರೀಬೇಕು. ಯಾವ ಲೈನ್ ಅಂತ ಹುಡುಕೋಕೆ ರೆಜೆಕ್ಸ್ (ಹುಡುಕೋ ಮಾದರಿ) ಕೊಡ್ಬೇಕಲ್ಲ, ನಾನು ಹ್ಯಾಶಿಂದ ಶುರುವಾಗೋ ಸರ್ವರ್ ಲೈನ್ ಅಂತ ಬರೆದೆ. ಮೊದಲ ಸಲ ಸಲೀಸಾಗಿ ಆಯ್ತು, ಎರಡನೇ ಸಲ ಓಡಿಸಿದ್ರೂ ಎಲ್ಲ ಹಸಿರು. ಒಂದು ಸೆಮಿಸ್ಟರ್ ಆದ ಮೇಲೆ ಲೈಸೆನ್ಸ್ ಸರ್ವರನ್ನ ಹೊಸ ಮಷೀನಿಗೆ ಹಾಕಿದ್ವಿ, ಪ್ಲೇಬುಕ್ಕಲ್ಲಿ (ಏನೇನು ಮಾಡ್ಬೇಕು ಅಂತ ಆನ್ಸಿಬಲ್‌ಗೆ ಬರೆದುಕೊಡೋ ಫೈಲ್) ಅಡ್ರೆಸ್ ಬದಲಾಯಿಸಿ ಓಡಿಸಿದೆ, 64ಕ್ಕೆ 64 ಚೇಂಜ್ಡ್ ಅಂತ ಬಂತು, ಮನೆಗೆ ಹೋದೆ.

ಮಾರನೇ ದಿನ ಒಂಬತ್ತು ಗಂಟೆ ಬ್ಯಾಚು. ಇನ್‌ಸ್ಟ್ರಕ್ಟರ್ ಓಡಿ ಬಂದ್ರು, "ಸರ್, ಒಂದ್ರಲ್ಲೂ ಓಪನ್ ಆಗ್ತಿಲ್ಲ, ಹುಡುಗರು ಸುಮ್ಮನೆ ಕೂತಿದಾರೆ." ಹೋಗಿ ಏಳನೇ ನಂಬರ್ ಸಿಸ್ಟಂಲಿ ಫೈಲ್ ತೆಗೆದು ನೋಡ್ತೀನಿ, ಸರ್ವರ್ ಲೈನ್ ಎರಡಿದೆ. ಮಧ್ಯದಲ್ಲಿ ಹಳೇ ಅಡ್ರೆಸ್ಸು ಹಾಗೇ ಇದೆ, ಹೊಸದು ಫೈಲಿನ ಕಟ್ಟಕಡೆಗೆ ಹೋಗಿ ಕೂತಿದೆ, ಸಾಫ್ಟ್‌ವೇರು ಮೊದಲು ಸಿಕ್ಕಿದ್ದನ್ನೇ ಓದ್ಕೊಂಡು ಇಲ್ಲದೇ ಇರೋ ಸರ್ವರ್ ಹುಡುಕ್ತಿದೆ.

ಯಾಕೆ ಹೀಗಾಯ್ತು ಅಂದ್ರೆ, ಮೊದಲ ಸಲ ಓಡಿದಾಗಲೇ ಹ್ಯಾಶ್ ಹೋಗಿತ್ತು, ಆಮೇಲಿಂದ ನನ್ನ ರೆಜೆಕ್ಸಿಗೆ ಹೊಂದೋ ಲೈನೇ ಫೈಲಲ್ಲಿ ಇರಲಿಲ್ಲ. ಎರಡನೇ ಸಲ ಹಸಿರು ಬಂದಿದ್ದು ಯಾಕಂದ್ರೆ ಅಕ್ಷರಕ್ಕೆ ಅಕ್ಷರ ಅದೇ ಲೈನ್ ಇದ್ರೆ ಲೈನ್‌ಇನ್‌ಫೈಲ್ ಗುರುತು ಹಿಡಿಯತ್ತೆ. ಅಡ್ರೆಸ್ ಬದಲಾದ ತಕ್ಷಣ ರೆಜೆಕ್ಸೂ ಸಿಗಲಿಲ್ಲ, ಅದೇ ಲೈನೂ ಸಿಗಲಿಲ್ಲ, ಹಾಗಾಗಿ ಹೊಸದಾಗಿ ಕೊನೆಗೆ ಸೇರಿಸಿಬಿಡ್ತು. ರೆಜೆಕ್ಸು ಬದಲಾಗೋ ಮುಂಚಿನ ಲೈನಿಗೂ ಹೊಂದ್ಬೇಕು, ಬದಲಾದ ಮೇಲಿನ ಲೈನಿಗೂ ಹೊಂದ್ಬೇಕು, ಡಾಕ್ಯುಮೆಂಟೇಷನ್ನಲ್ಲಿ ಇದನ್ನ ಹೇಳಿದಾರೆ. ಹ್ಯಾಶ್ ಇದ್ರೂ ಸರಿ ಇಲ್ಲದಿದ್ರೂ ಸರಿ ಅನ್ನೋಕೆ ಹ್ಯಾಶ್ ಆದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕ್ಬೇಕಿತ್ತು, ಅದೊಂದೇ ಚಿಹ್ನೆ.

ಅದನ್ನ ಸರಿ ಮಾಡಿ ಮತ್ತೆ ಓಡಿಸಿದ್ರೂ ಸಮಸ್ಯೆ ಹೋಗಲ್ಲ, ಇದೂ ಗೊತ್ತಿರಲಿ. ಒಂದಕ್ಕಿಂತ ಹೆಚ್ಚು ಲೈನ್ ಹೊಂದಿದ್ರೆ ಲೈನ್‌ಇನ್‌ಫೈಲ್ ಕೊನೇದನ್ನ ಮಾತ್ರ ಬದಲಾಯಿಸತ್ತೆ, ಮೇಲಿನ ಹಳೇದು ಅಲ್ಲೇ ಉಳಿಯತ್ತೆ. ಅದಕ್ಕೆ ನಾನು ಮೊದಲು ಸ್ಟೇಟ್ ಆಬ್ಸೆಂಟ್ ಅಂತ ಕೊಟ್ಟೆ, ಅದು ಹೊಂದೋ ಎಲ್ಲ ಲೈನನ್ನೂ ತೆಗೆಯತ್ತೆ, ಆಮೇಲೆ ಒಂದೇ ಒಂದು ಹೊಸ ಲೈನ್ ಹಾಕಿಸಿದೆ. ಒಂಬತ್ತೂವರೆ ಒಳಗೆ ಬ್ಯಾಚ್ ಶುರುವಾಯ್ತು.

ಅವತ್ತಿಂದ ನಾನು ಮೊದಲು ಚೆಕ್ ಮತ್ತೆ ಡಿಫ್ ಅನ್ನೋ ಆಯ್ಕೆ ಎರಡೂ ಹಾಕಿ ನೋಡದೆ ಯಾವ ಪ್ಲೇಬುಕ್ಕೂ ಓಡಿಸಲ್ಲ. ಫೈಲ್ ಮುಟ್ಟದೆ, ಮುಟ್ಟಿದ್ರೆ ಏನಾಗತ್ತೆ ಅಂತ ತೋರಿಸತ್ತೆ, ಹೋಗೋ ಲೈನ್ ಮುಂದೆ ಮೈನಸ್, ಬರೋ ಲೈನ್ ಮುಂದೆ ಪ್ಲಸ್. ಅವತ್ತು ಇದನ್ನ ಒಂದು ಸಿಸ್ಟಂ ಮೇಲೆ ಓಡಿಸಿದ್ರೂ ಪ್ಲಸ್ ಮಾತ್ರ ಕಾಣ್ತಿತ್ತು, ಮೈನಸ್ ಇಲ್ಲ, ಅಲ್ಲೇ ಗೊತ್ತಾಗ್ತಿತ್ತು. ಬ್ಯಾಕಪ್ ಅನ್ನೋದನ್ನ ಯೆಸ್ ಮಾಡಿದ್ರೆ ಹಳೇ ಫೈಲಿನ ಕಾಪಿ ದಿನಾಂಕ ಸಮೇತ ಪಕ್ಕದಲ್ಲೇ ಇಡತ್ತೆ. ಸುಡೋಯರ್ಸ್ ಫೈಲ್ (ಅಡ್ಮಿನ್ ಅಧಿಕಾರ ಕೊಡೋ ಸುಡೋ ಕಮಾಂಡನ್ನ ಯಾರು ಬಳಸ್ಬಹುದು ಅಂತ ಬರೆದಿರೋದು) ಮುಟ್ಟೋದಾದ್ರೆ ವ್ಯಾಲಿಡೇಟ್ ಹಾಕ್ಲೇಬೇಕು, ಆ ಫೈಲ್ ಪರೀಕ್ಷಿಸೋ ವಿಸುಡೋ ಹತ್ರ ಚೆಕ್ ಮಾಡಿಸಿ ಸರಿ ಇದ್ರೆ ಮಾತ್ರ ಬರೆಯತ್ತೆ, ಇಲ್ಲದಿದ್ರೆ ಒಂದು ಸ್ಪೆಲ್ಲಿಂಗ್ ತಪ್ಪಿಗೆ 64 ಸಿಸ್ಟಂಲೂ ಸುಡೋ ಕೈಕೊಡತ್ತೆ.

ನಾಲ್ಕೈದು ಲೈನ್ ಒಟ್ಟಿಗೆ ಹಾಕೋಕೆ ಬ್ಲಾಕ್‌ಇನ್‌ಫೈಲ್ ಇದೆ, ಮೇಲೊಂದು ಕೆಳಗೊಂದು ಗುರುತು (ಮಾರ್ಕರ್) ಹಾಕಿ ಮಧ್ಯದಲ್ಲಿ ಬರೆಯತ್ತೆ. ಒಂದೇ ಫೈಲಲ್ಲಿ ಎರಡು ಬ್ಲಾಕ್ ಬೇಕಂದ್ರೆ ಮಾರ್ಕರ್ ಬೇರೆ ಬೇರೆ ಕೊಡಿ, ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ಅಳಿಸಿ ಕೂರತ್ತೆ. ಫೈಲ್ ಪೂರ್ತಿ ನಮ್ಮದೇ ಆಗಿದ್ರೆ ಈ ಒಂದೊಂದು ಲೈನ್ ಹಿಡಿಯೋ ಕೆಲಸವೇ ಬೇಡ, ಟೆಂಪ್ಲೇಟ್ (ಬದಲಾಗೋ ಜಾಗ ಬಿಟ್ಟಿರೋ ಮಾದರಿ ಫೈಲ್) ಮಾಡಿ ಇಡೀ ಫೈಲನ್ನೇ ಕಳಿಸಿ. ನಾನೀಗ ಆ ಲೈಸೆನ್ಸ್ ಫೈಲನ್ನ ಹಾಗೇ ಮಾಡಿದೀನಿ, ಅಡ್ರೆಸ್ ಒಂದು ವೇರಿಯಬಲ್. ಬೇರೆಯವರೂ ಬರೆಯೋ ಫೈಲಿಗೆ, ಅಂದ್ರೆ ಇನ್‌ಸ್ಟಾಲರು, ಅಪ್‌ಡೇಟು ಇವೆಲ್ಲ ಕೈಯಾಡಿಸೋ ಫೈಲಿಗೆ ಮಾತ್ರ ಲೈನ್‌ಇನ್‌ಫೈಲ್.

ರಾಜ್ಯೋತ್ಸವದ ಮುಂಚೆ ಕನ್ನಡ ಸಂಘದ ಹುಡುಗರು ಬಂದು "ಸರ್, ಲ್ಯಾಬಲ್ಲಿ ಕನ್ನಡ ಟೈಪ್ ಮಾಡೋಕಾಗಲ್ವಾ" ಅಂತ ಕೇಳಿದ್ರು. ಕೀಬೋರ್ಡ್ ಡಿಫಾಲ್ಟ್ ಫೈಲಲ್ಲಿ ಎರಡೇ ಲೈನು, ಲೇಔಟಿಗೆ ಇಂಡಿಯಾ ಸೇರಿಸೋದು, ವೇರಿಯಂಟಿಗೆ ಕಗಪ (ಕನ್ನಡದ ಒಂದು ಕೀಲಿ ಜೋಡಣೆ) ಸೇರಿಸೋದು. ಹತ್ತು ನಿಮಿಷದಲ್ಲಿ ಆಯ್ತು ಅಂದ್ಕೊಂಡೆ, ಆದ್ರೆ ಮೊದಲೇ ಲಾಗಿನ್ ಆಗಿದ್ದ ಹುಡುಗರ ಅಕೌಂಟಲ್ಲಿ ಬರಲಿಲ್ಲ. ಗ್ನೋಮ್ ಅನ್ನೋ ಡೆಸ್ಕ್‌ಟಾಪ್ ಅವರವರ ಸೆಟ್ಟಿಂಗನ್ನ ಡಿಕಾನ್ಫ್ ಅಂತ ಬೈನರಿ ಫೈಲಲ್ಲಿ ಇಟ್ಕೊಳತ್ತೆ, ಅದು ಟೆಕ್ಸ್ಟ್ ಅಲ್ಲ, ಲೈನ್‌ಇನ್‌ಫೈಲ್ ಅಲ್ಲಿ ನಡೆಯಲ್ಲ, ಅದಕ್ಕೆ ಬೇರೆ ಮಾಡ್ಯೂಲೇ ಇದೆ. ಅದನ್ನೂ ಸೇರಿಸಿದ ಮೇಲೆ ಒಬ್ಬ ಹುಡುಗ ಟರ್ಮಿನಲ್ಲಲ್ಲೇ ತನ್ನ ಹೆಸರು ಕನ್ನಡದಲ್ಲಿ ಟೈಪ್ ಮಾಡಿ ಎಲ್ಲರನ್ನೂ ಕರೆದು ತೋರಿಸಿದ, ನನಗೂ ತುಂಬ ಖುಷಿಯಾಯ್ತು.

ಬೇಜಾರಿನ ವಿಷಯಗಳೂ ಇವೆ. ಪ್ಲೇಬುಕ್ ಬರೆಯೋ ಫಾರ್ಮ್ಯಾಟಾದ ವೈಎಎಂಎಲ್‌ಲಿ ಒಂದು ಸ್ಪೇಸ್ ಆಚೀಚೆ ಆದ್ರೆ ಓಡಲ್ಲ, ಫೈಲ್ ಪರ್ಮಿಷನ್ ನಂಬರನ್ನ ಕೋಟ್ ಒಳಗೆ ಬರೀಬೇಕು, ಇಲ್ಲಾಂದ್ರೆ ಬೇರೆ ಏನೋ ಆಗತ್ತೆ. ಆಫೀಸಿನ ವಿಂಡೋಸ್ ಸಿಸ್ಟಂಗಳಿಗೆ ಬೇರೆಯದೇ ವಿನ್ ಲೈನ್‌ಇನ್‌ಫೈಲ್ ಇದೆ, ಲೈನ್ ಕೊನೆಯ ಗುರುತು ಅಲ್ಲಿ ಬೇರೆ ಥರ ಇರೋದ್ರಿಂದ ಅದನ್ನೇ ಬಳಸಿ. ಆನ್ಸಿಬಲ್ ಓಡಿಸೋ ಮಷೀನೇ ವಿಂಡೋಸ್ ಆಗಿದ್ರೆ ನೇರವಾಗಿ ಆಗಲ್ಲ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯೂಎಸ್‌ಎಲ್ ಹಾಕ್ಬೇಕು.

ಆಫ್ ಆಗಿರೋ ಸಿಸ್ಟಂ ಸಮಸ್ಯೆ ಮಾತ್ರ ಇದರಲ್ಲೂ ಇದೆ, ಅನ್‌ರೀಚಬಲ್ ಅಂತ ಕೊನೆಗೆ ಲಿಸ್ಟ್ ಕೊಡತ್ತೆ ಅಷ್ಟೇ. ಆದ್ರೆ ಈಗ ಭಯ ಇಲ್ಲದೆ ಮಾರನೇ ದಿನ 64ಕ್ಕೂ ಮತ್ತೆ ಓಡಿಸ್ತೀನಿ. ನಿನ್ನೆ ಮೂರು ಬಿಟ್ಟುಹೋಗಿತ್ತು, ಇವತ್ತು ಬೆಳಗ್ಗೆ ಓಡಿಸಿದಾಗ ಮೂರು ಹಳದಿ, ಅರವತ್ತೊಂದು ಹಸಿರು.