ಹಿನ್ನೀರಿನ ದೋಣಿಗೆ ಯಾವ ಆಂಪ್ಲಿಫೈಯರ್? ನಾಲ್ಕನ್ನು ಕಟ್ಟಿ ನೋಡಿದ ಲೆಕ್ಕ

ಕಾರಿಗೆ ಆಂಪ್ಲಿಫೈಯರ್ ಕೂರಿಸುವವರೇ ದೋಣಿಗೂ ಕೂರಿಸಿಕೊಡುತ್ತಾರೆ. ಮೊದಲ ದಿನ ಹಾಡು ಚೆನ್ನಾಗಿಯೇ ಕೇಳುತ್ತದೆ. ತಕರಾರು ಶುರುವಾಗುವುದು ಆಮೇಲೆ. ಬಾಸ್ ಬಂದಾಗಲೆಲ್ಲ ಸೆಟ್ ಆಫ್ ಆಗಿ ಆನ್ ಆಗುತ್ತದೆ, ಇಂಜಿನ್ ರೇಸ್ ಮಾಡಿದರೆ ಸ್ಪೀಕರಿನಲ್ಲಿ ‘ಕುಂಯ್’ ಅನ್ನುತ್ತದೆ, ಸಂಜೆ ದಡಕ್ಕೆ ಮರಳೋಣವೆಂದರೆ ಇಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿಯಲ್ಲಿ ಜೀವ ಇರುವುದಿಲ್ಲ. ಈ ಮೂರಕ್ಕೂ ಬ್ರಾಂಡ್ ಬದಲಿಸಿ ಪ್ರಯೋಜನವಿಲ್ಲ. ಆಂಪ್ಲಿಫೈಯರ್ ಯಾವ ಬಗೆಯದು, ಹೇಗೆ ಕಟ್ಟಿದ್ದಾರೆ ಅನ್ನುವುದೇ ಇಲ್ಲಿ ಮುಖ್ಯ.

ಹೋಲಿಕೆಗೆ ಬಳಸಿದ್ದು ಶರಾವತಿ ಹಿನ್ನೀರಿನ 20 ಅಡಿಯ ಫೈಬರ್ ದೋಣಿ. 40 ಎಚ್‌ಪಿ ಔಟ್‌ಬೋರ್ಡ್, ಹಾಡಿಗೆಂದೇ ಬೇರೆ ಇಟ್ಟ 12 ವೋಲ್ಟಿನ 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ, ಆರೂವರೆ ಇಂಚಿನ ನಾಲ್ಕು ಸ್ಪೀಕರ್, ಎಲ್ಲವೂ 4 ಓಮ್. ಕಟ್ಟಿದ್ದು ನಾಲ್ಕು ಸೆಟ್: ಕಾರಿನ ಎಬಿ ಕ್ಲಾಸ್ (ಹಳೇ ಬಗೆಯ ಸರ್ಕ್ಯೂಟ್; ನಾಲ್ಕು ಚಾನೆಲ್, ತಲಾ 50 ವ್ಯಾಟ್ ಆರ್‌ಎಂಎಸ್, ಅಂದರೆ ನಿರಂತರ ಕೊಡಬಲ್ಲ ಪವರ್), ಅಷ್ಟೇ ವ್ಯಾಟಿನ ಮರೀನ್ (ದೋಣಿಗೆಂದೇ ಮಾಡಿದ) ಡಿ ಕ್ಲಾಸ್ (ಟ್ರಾನ್ಸಿಸ್ಟರನ್ನು ಅತಿ ವೇಗವಾಗಿ ಆನ್-ಆಫ್ ಮಾಡುವ ಬಗೆ), ಟಿಪಿಎ3116 ಚಿಪ್ಪಿನ ಬಿಡಿ ಬೋರ್ಡ್, ಮತ್ತು ಜಾತ್ರೆ-ಮದುವೆಗೆ ಬರುವ 12 ವೋಲ್ಟಿನ ಮೈಕ್ ಸೆಟ್, ಎರಡು ಹಾರ್ನ್ ಸಮೇತ.

ಮೊದಲು ಕರೆಂಟಿನ ಮಾತು, ಏಕೆಂದರೆ ನೀರಿನ ಮೇಲೆ ಅದೇ ಎಲ್ಲ. ಕ್ಲ್ಯಾಂಪ್ ಮೀಟರ್ ಡಿಸಿ ಅಳೆಯುವಂಥದ್ದೇ ಆಗಬೇಕು. ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲ್ಯಾಂಪು ಎಸಿ ಮಾತ್ರ ತೋರಿಸುತ್ತದೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ಅನ್ನುತ್ತದೆ. ಸದ್ದು ಒಡೆಯುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಜೋರಾಗಿ ಹಾಡು ಹಾಕಿದಾಗ 200 ವ್ಯಾಟಿನ ಆಂಪ್ಲಿಫೈಯರ್ ಸರಾಸರಿ ಕೊಡುವುದು 25 ವ್ಯಾಟ್ ಅಷ್ಟೆ, ಉಳಿದದ್ದು ಡೋಲಿನ ಪೆಟ್ಟಿಗೆ ಮೀಸಲು. ಆ 25 ವ್ಯಾಟಿಗೆ ಎಬಿ ಕ್ಲಾಸ್ ಎಳೆದದ್ದು 7ರಿಂದ 8 ಆಂಪಿಯರ್, ಡಿ ಕ್ಲಾಸ್ 3 ಆಂಪಿಯರ್ ಆಸುಪಾಸು. ವ್ಯತ್ಯಾಸವೆಲ್ಲ ಬಿಸಿಯಾಗಿ ಹೋಗುತ್ತದೆ. ಎಬಿಯ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕೈ ಇಡಲು ಆಗುವುದಿಲ್ಲ. ಆರು ಗಂಟೆಗೆ ಲೆಕ್ಕ ಹಾಕಿದರೆ ಒಂದಕ್ಕೆ 45 ಎಎಚ್, ಇನ್ನೊಂದಕ್ಕೆ 18. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 100 ಎಎಚ್‌ನಲ್ಲಿ ಬಳಸಲು ಸಿಗುವುದು 50. ಎಬಿ ಕ್ಲಾಸಿಗೆ ಒಂದೇ ದಿನದ ಊಟ ಅದು. ಇಂಜಿನ್ ಚಾರ್ಜ್ ಮಾಡುತ್ತದಲ್ಲ ಅನ್ನಬಹುದು. ಔಟ್‌ಬೋರ್ಡಿನ ಚಾರ್ಜಿಂಗ್ ಕಾಯಿಲ್ ಕಾರಿನ ಡೈನಮೋ ಅಲ್ಲ. ಸಣ್ಣ ಇಂಜಿನ್ನುಗಳಲ್ಲಿ ಹತ್ತು ಆಂಪಿಯರಿನ ಆಸುಪಾಸು, ಅದೂ ಪೂರ್ತಿ ವೇಗದಲ್ಲಿ. ನಿಧಾನ ಹೋಗುವಾಗ ಅದರಲ್ಲಿ ಕಾಲುಭಾಗ ಸಿಕ್ಕರೆ ಪುಣ್ಯ.

ಮನೆಯ ಇನ್ವರ್ಟರಿನ ಹಳೇ ಟ್ಯೂಬುಲರ್ ಬ್ಯಾಟರಿಯನ್ನು ದೋಣಿಗೆ ತರುವ ಅಭ್ಯಾಸವೂ ಉಂಟು. ಎತ್ತರ ಜಾಸ್ತಿ, ಅಲೆಗೆ ವಾಲುತ್ತದೆ, ಮುಚ್ಚಳದ ತೂತಿನಿಂದ ಆ್ಯಸಿಡ್ ಚೆಲ್ಲುತ್ತದೆ. ಬೇಡ. ಸೀಲ್ ಆದ ಎಜಿಎಂ (ಆ್ಯಸಿಡ್ ಚೆಲ್ಲದ ಬಗೆಯ) ಬ್ಯಾಟರಿ ತನ್ನಿ, ತಳಕ್ಕೆ ಪಟ್ಟಿ ಬಿಗಿದು ಕೂರಿಸಿ. ಸ್ಟಾರ್ಟಿಂಗ್ ಬ್ಯಾಟರಿಯನ್ನೂ ಹಾಡಿನ ಬ್ಯಾಟರಿಯನ್ನೂ ವೋಲ್ಟೇಜ್ ನೋಡಿ ಕೂಡಿಸುವ ರಿಲೇ ಒಂದರಿಂದ ಜೋಡಿಸಿದರೆ, ಚಾರ್ಜ್ ಆಗುವಾಗ 13.3 ವೋಲ್ಟ್ ಸುಮಾರಿಗೆ ಎರಡೂ ಒಂದಾಗುತ್ತವೆ, 12.8ಕ್ಕೆ ಇಳಿದರೆ ಬೇರೆಯಾಗುತ್ತವೆ. ಹಾಡು ಎಷ್ಟು ಹೊತ್ತು ಹಾಕಿದರೂ ಸ್ಟಾರ್ಟಿಂಗ್ ಬ್ಯಾಟರಿಗೆ ಕೈ ಹಾಕುವುದಿಲ್ಲ.

ಸದ್ದಿನ ಗುಣದಲ್ಲಿ ಎಬಿಗೂ ಡಿಗೂ ತೆರೆದ ದೋಣಿಯಲ್ಲಿ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಇಂಜಿನ್ ಸದ್ದು, ಗಾಳಿ, ನೀರು ಎಲ್ಲ ಸೇರಿ ಅಷ್ಟು ಸೂಕ್ಷ್ಮವನ್ನು ಉಳಿಸುವುದಿಲ್ಲ. ವ್ಯತ್ಯಾಸ ತಿಳಿಯುವುದು ಒಂದೇ ಕಡೆ: ಡಿ ಕ್ಲಾಸಿನ ಪಕ್ಕ ಮಧ್ಯಮ ತರಂಗದ ರೇಡಿಯೊ ಇಟ್ಟರೆ 675 ಕಿಲೋಹರ್ಟ್ಸಿನ ಭದ್ರಾವತಿ ಆಕಾಶವಾಣಿಯ ಮೇಲೆ ಸರ್ರ್ ಅನ್ನುವ ಗಲಾಟೆ ಕೂರುತ್ತದೆ. ಒಳಗಿನ ಸ್ವಿಚಿಂಗ್ ಲಕ್ಷಗಟ್ಟಲೆ ಹರ್ಟ್ಸಿನಲ್ಲಿ ನಡೆಯುವುದರಿಂದ ಹೀಗೆ. ರೇಡಿಯೊ ಒಂದು ಮಾರು ದೂರ ಇಟ್ಟರೆ, ಸ್ಪೀಕರ್ ವೈರನ್ನು ಹುರಿ ಮಾಡಿ ಎಳೆದರೆ ಬಹುಪಾಲು ಕಡಿಮೆಯಾಗುತ್ತದೆ.

ಟಿಪಿಎ3116 ಬೋರ್ಡಿನ ಬಗ್ಗೆ ಅಂಗಡಿಯವರು ‘50 ಪ್ಲಸ್ 50’ ಅನ್ನುತ್ತಾರೆ. ಆ 50 ವ್ಯಾಟ್ ಸಿಗುವುದು 21 ವೋಲ್ಟ್ ಕೊಟ್ಟರೆ. ದೋಣಿಯ 12 ವೋಲ್ಟಿನಲ್ಲಿ 4 ಓಮಿಗೆ ಸಿದ್ಧಾಂತದ ಮಿತಿಯೇ 18 ವ್ಯಾಟ್ (12ರ ವರ್ಗವನ್ನು 8ರಿಂದ ಭಾಗಿಸಿ ನೋಡಿ), ಕೈಗೆ ಬರುವುದು 15. ಕಾರಿನ ಆಂಪ್ಲಿಫೈಯರ್ ಒಳಗೆ 12 ವೋಲ್ಟನ್ನು ಏರಿಸುವ ಸರ್ಕ್ಯೂಟ್ ಇರುತ್ತದೆ, ಈ ಬೋರ್ಡಿನಲ್ಲಿ ಇಲ್ಲ, ವ್ಯತ್ಯಾಸ ಅಷ್ಟೇ. ಹಾಗಂತ ತಳ್ಳಿಹಾಕುವ ಸರಕಲ್ಲ. ನಾಲ್ಕು ಜನರ ಸಣ್ಣ ದೋಣಿಗೆ, ಇಂಜಿನ್ ಇಲ್ಲದ ತೆಪ್ಪಕ್ಕೆ, ಎರಡು ಸ್ಪೀಕರ್ ಸಾಕು ಅನ್ನುವವರಿಗೆ ಸಾವಿರ ರೂಪಾಯಿಯೊಳಗೆ ಇದಕ್ಕಿಂತ ಒಳ್ಳೆಯದು ಸಿಗದು. ಮೂರು ಎಚ್ಚರ. ಪ್ಲಸ್-ಮೈನಸ್ ತಿರುವುಮುರುವಾದರೆ ಚಿಪ್ ಕಣ್ಣು ಮಿಟುಕಿಸುವುದರೊಳಗೆ ಸುಡುತ್ತದೆ, ಆದ್ದರಿಂದ 5 ಆಂಪಿಯರ್ ಫ್ಯೂಸಿನ ನಂತರ ಸರಣಿಯಲ್ಲಿ ಒಂದು 10 ಆಂಪಿಯರಿನ ಷಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ. ಅರ್ಧ ವೋಲ್ಟ್ ಹೋಗುತ್ತದೆ, ಹೋಗಲಿ. ಸ್ಪೀಕರಿನ ಮೈನಸ್ ವೈರುಗಳನ್ನು ಒಟ್ಟು ಸೇರಿಸಬಾರದು, ಅರ್ಥ್ ಮಾಡಲೂಬಾರದು, ಎರಡೂ ಕಡ್ಡಿಯಲ್ಲಿ (ಟರ್ಮಿನಲ್ಲಿನಲ್ಲಿ) ಸಿಗ್ನಲ್ ಇರುತ್ತದೆ. ಮೂರನೆಯದು ಬೋರ್ಡಿನ ಮೇಲೆ ನೆಟ್ಟಗೆ ನಿಂತ ಡಬ್ಬಿಯಂಥ ಕೆಪಾಸಿಟರುಗಳು. ಇಂಜಿನ್ ನಡುಕಕ್ಕೆ ಅವುಗಳ ಕಾಲು ಬೇರಿನಲ್ಲೇ ಮುರಿಯುತ್ತದೆ. ಸಿಲಿಕೋನ್ ಹಾಕಿ ಬೋರ್ಡಿಗೆ ಅಂಟಿಸಬೇಕು, ಆದರೆ ಬಾತ್‌ರೂಮಿಗೆ ಹಾಕುವ ಹುಳಿ ವಾಸನೆಯ ಸಿಲಿಕೋನ್ ಅಲ್ಲ; ಅದು ಒಣಗುವಾಗ ಬಿಡುವ ಆ್ಯಸಿಡ್ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಕೇಳಿ ತನ್ನಿ.

ಮೈಕ್ ಸೆಟ್ ಹಾಡಿಗೆ ಕೆಟ್ಟದು, ಮಾತಿಗೆ ಉಳಿದ ಮೂರನ್ನೂ ಸೋಲಿಸುತ್ತದೆ. ಕಾರಣ ಆಂಪ್ಲಿಫೈಯರಿನಲ್ಲಿಲ್ಲ, ಹಾರ್ನಿನಲ್ಲಿದೆ. ಒಂದು ವ್ಯಾಟ್ ಕೊಟ್ಟರೆ ಸಾಧಾರಣ ಸ್ಪೀಕರ್ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುತ್ತದೆ, ಹಾರ್ನ್ 105. ಹದಿನೈದು ಡೆಸಿಬೆಲ್ ಅಂದರೆ ಸುಮಾರು 30 ಪಟ್ಟು ಪವರ್. ಸ್ಪೀಕರಿಗೆ 100 ವ್ಯಾಟ್ ಸುರಿದು ಬರುವ ಜೋರು ಹಾರ್ನಿಗೆ ಮೂರು-ನಾಲ್ಕು ವ್ಯಾಟಿಗೇ ಬರುತ್ತದೆ. ಪ್ರವಾಸಿಗಳಿಗೆ ಲೈಫ್ ಜಾಕೆಟ್ ಕಟ್ಟಿಕೊಳ್ಳಿ, ಒಂದೇ ಕಡೆ ವಾಲಬೇಡಿ ಎಂದು ಇಂಜಿನ್ ಸದ್ದಿನ ಮೇಲೆ ಹೇಳಬೇಕಾದವರಿಗೆ ಇದೇ ಸರಿ. ಹಾರ್ನಿನ ಯೂನಿಟ್ಟನ್ನು ಕೊಲ್ಲುವುದು ಬಾಸ್. ಹಾಡು ಹಾಕುವ ಆಸೆ ಇದ್ದರೆ 8 ಓಮ್ ಯೂನಿಟ್ಟಿಗೆ ಸರಣಿಯಲ್ಲಿ 47 ಮೈಕ್ರೋಫ್ಯಾರಡಿನ ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಕೆಪಾಸಿಟರ್ ಹಾಕಿ. 420 ಹರ್ಟ್ಸಿಗಿಂತ ಕೆಳಗಿನದು ಇಳಿಯುತ್ತ ಹೋಗುತ್ತದೆ, ಡಯಾಫ್ರಾಮ್ ಉಳಿಯುತ್ತದೆ. 100 ವೋಲ್ಟ್ ಲೈನಿನ (ಪ್ರತಿ ಹಾರ್ನಿಗೂ ಟ್ರಾನ್ಸ್‌ಫಾರ್ಮರ್ ಇರುವ) ಸೆಟ್ ಆದರೆ ಹಾರ್ನಿನ ಟ್ರಾನ್ಸ್‌ಫಾರ್ಮರ್ ಟ್ಯಾಪುಗಳ (ಎಷ್ಟು ವ್ಯಾಟ್ ಎಳೆಯಬೇಕೆಂದು ಆರಿಸುವ ತುದಿಗಳ) ವ್ಯಾಟ್ ಮೊತ್ತ ಆಂಪ್ಲಿಫೈಯರಿನ ವ್ಯಾಟಿನ ಶೇ 80 ಮೀರದಿರಲಿ: 40 ವ್ಯಾಟಿನ ಸೆಟ್ಟಿಗೆ 15ರ ಎರಡು ಟ್ಯಾಪ್. ಮೈಕು ಹಾರ್ನಿನ ಹಿಂದೆ ಇರಬೇಕು, ಇಲ್ಲದಿದ್ದರೆ ಕೂಗುತ್ತದೆ.

ಇನ್ನು ಕಟ್ಟುವ ವಿಚಾರ. ಕಾರಿನವರು ಮಾಡುವ ಮೊದಲ ತಪ್ಪು ನೆಗೆಟಿವ್. ಕಾರಿನಲ್ಲಿ ಬಾಡಿಯೇ ನೆಗೆಟಿವ್, ಪಕ್ಕದ ಬೋಲ್ಟಿಗೆ ಬಿಗಿದರೆ ಮುಗಿಯಿತು. ಫೈಬರಿಗೂ ಮರಕ್ಕೂ ಕರೆಂಟ್ ಹರಿಯದು ಎಂಬುದು ಹೇಗೂ ಗೊತ್ತಾಗುತ್ತದೆ; ಅಪಾಯ ಇರುವುದು ಕಬ್ಬಿಣದ ಒಡಲಿನ ಲಾಂಚಿನಲ್ಲಿ. ಅಲ್ಲಿ ಒಡಲಿಗೆ ಬಿಗಿದರೂ ಹಾಡು ಬರುತ್ತದೆ, ಆದರೆ ಸೋರಿದ ಕರೆಂಟ್ ನೀರಿಗೆ ಇಳಿಯುವ ಜಾಗದಲ್ಲಿ ಲೋಹ ಕರಗುತ್ತ ಹೋಗುತ್ತದೆ. ಯಾವ ದೋಣಿಯಾದರೂ ಪ್ಲಸ್ಸಿನಷ್ಟೇ ದಪ್ಪದ ಮೈನಸ್ ವೈರು ನೇರ ಬ್ಯಾಟರಿಗೇ ಹೋಗಬೇಕು.

ದಪ್ಪದ ಲೆಕ್ಕ ಹೀಗೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ 5 ಮೀಟರ್ ಇದ್ದರೆ ಹೋಗಿ ಬರುವ ವೈರು 10 ಮೀಟರ್. ಎಲೆಕ್ಟ್ರಿಷಿಯನ್ನರು ‘4 ಎಂಎಂ’ ಅನ್ನುವ 4 ಚದರ ಮಿಲಿಮೀಟರಿನ ಮನೆ ವೈರು ಹಾಕಿದರೆ 20 ಆಂಪಿಯರಿಗೆ 0.9 ವೋಲ್ಟ್ ದಾರಿಯಲ್ಲೇ ಖರ್ಚು. 10 ಚದರದ್ದಾದರೆ 0.37. ಬ್ಯಾಟರಿ 12ಕ್ಕೆ ಇಳಿದಿದ್ದಾಗ ಬಾಸಿನ ಪೆಟ್ಟಿಗೆ ಸೆಟ್ ಆಫ್ ಆಗುವುದು ಇದರಿಂದಲೇ. ಆಂಪ್ಲಿಫೈಯರಿನ ಬಾಯಲ್ಲಿ ಹತ್ತೂವರೆ ವೋಲ್ಟ್ ಸುಮಾರಿಗೆ ಬಂದರೆ ಅದರ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕುತ್ತದೆ. ಹಾಡು ಜೋರಾಗಿರುವಾಗಲೇ ಬ್ಯಾಟರಿ ಕಡ್ಡಿಯಲ್ಲೊಮ್ಮೆ, ಆಂಪ್ಲಿಫೈಯರ್ ಕಡ್ಡಿಯಲ್ಲೊಮ್ಮೆ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವೈರೋ ಲಗ್ಗೋ (ವೈರಿನ ತುದಿಗೆ ಕೂರಿಸುವ ಲೋಹದ ಬಳೆ) ಕಳ್ಳ. ಡಿ ಕ್ಲಾಸಿಗೆ 10 ಚದರ, 30 ಆಂಪಿಯರ್ ಫ್ಯೂಸ್. ಎಬಿಗೆ 16 ಚದರ, 40 ಆಂಪಿಯರ್. ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. ಅದು ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ, ವೈರು ಎಲ್ಲೋ ಸವೆದು ಶಾರ್ಟ್ ಆದಾಗ ದೋಣಿ ಹೊತ್ತಿಕೊಳ್ಳದಿರಲು.

ಕಾರ್ ಕಿಟ್ಟಿನ ದಪ್ಪ ವೈರನ್ನು ನಂಬುವ ಮೊದಲು ಒಂದು ಎಳೆ ಕತ್ತರಿಸಿ ತುದಿ ನೋಡಿ. ಹೊರಗೆ ಕೆಂಪು, ಒಳಗೆ ಬಿಳಿ ಇದ್ದರೆ ಅಲ್ಯೂಮಿನಿಯಂಗೆ ತಾಮ್ರದ ಲೇಪ. ಲಗ್ಗಿನ ಬಾಯಲ್ಲಿ ಒಂದೇ ಮಳೆಗಾಲಕ್ಕೆ ಬಿಳಿ ಪುಡಿಯಾಗುತ್ತದೆ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತವರ ಹಚ್ಚಿದ ಅಸಲಿ ತಾಮ್ರ, ಬೇಕಾದದ್ದು ಅದು. ನಮ್ಮದು ಸಿಹಿನೀರು, ಸಮುದ್ರದ ಉಪ್ಪಿಲ್ಲ, ಹಾಗಾಗಿ ‘ಮರೀನ್’ ಎಂಬ ಚೀಟಿಗೆ ದುಪ್ಪಟ್ಟು ಕೊಡಬೇಕೇ ಎಂದು ಕೇಳುವುದು ನ್ಯಾಯವೇ. ಉಪ್ಪಿಲ್ಲ ನಿಜ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಬರುವ ಶೀತ ಇದೆ. ಹಾಡು ನಿಲ್ಲಿಸಿದ ಮೇಲೆ ಬಿಸಿ ಪೆಟ್ಟಿಗೆ ತಣಿಯುತ್ತ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಬೆಳಗಾಗುವಾಗ ಬೋರ್ಡಿನ ಮೇಲೆ ಹನಿ. ಮರೀನ್ ಬೋರ್ಡಿಗೆ ವಾರ್ನಿಷಿನಂಥ ಲೇಪ ಇರುವುದರಿಂದ ತಡೆಯುತ್ತದೆ. ಕಾರಿನದ್ದು ತಡೆಯುವುದಿಲ್ಲ, ಅದೂ ಅಲ್ಲದೆ ಅದರ ಗಾಳಿಕಿಂಡಿಗೆ ಕಡಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಒಳಗೆ ಹೊಕ್ಕು ಶಾರ್ಟ್ ಮಾಡಿ ತಾನೂ ಸಾಯುತ್ತದೆ. ಮರೀನಿನ ದೋಷ ಒಂದೇ: ಕೆಟ್ಟರೆ ಸಾಗರ ಪೇಟೆಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಬಿಚ್ಚಿ ರಿಪೇರಿ ಮಾಡುವುದು ಕಷ್ಟ. ಎಬಿ ಕ್ಲಾಸಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸಲು ಹಳೇ ಟೇಪ್ ರೆಕಾರ್ಡರ್ ಮೆಕ್ಯಾನಿಕ್ ಸಾಕು.

ಯಾವುದೇ ಆದರೂ ಗೋಡೆಗೆ ನಿಲ್ಲಿಸಿ, ಕಡ್ಡಿಗಳು ಕೆಳಮುಖವಾಗಿ, ವೈರು ಒಮ್ಮೆ ಕೆಳಗೆ ಜೋತು ಮೇಲೇರುವಂತೆ ಕಟ್ಟಿ. ಹನಿ ಆ ಜೋತಿನಲ್ಲೇ ಉದುರುತ್ತದೆ. ಪೆಟ್ರೋಲ್ ಟ್ಯಾಂಕಿರುವ ಸೀಟಿನ ಕೆಳಗೆ ಮಾತ್ರ ಬೇಡವೇ ಬೇಡ. ರಿಲೇ ಕಿಡಿಗೆ ಆವಿ ಕಾಯುತ್ತಿರುತ್ತದೆ.

ಗೇನ್ (ಒಳಬರುವ ಸಿಗ್ನಲ್ಲನ್ನು ಎಷ್ಟು ಹೆಚ್ಚಿಸಬೇಕೆಂಬ ತಿರುಪು) ಹೊಂದಿಸುವುದನ್ನು ಕಿವಿಗೆ ಬಿಡಬೇಡಿ. ಸ್ಪೀಕರ್ ಬಿಚ್ಚಿಡಿ. ಬಾಸ್ ಬೂಸ್ಟ್, ಈಕ್ವಲೈಜರ್, ಫಿಲ್ಟರ್ ಎಲ್ಲ ಆಫ್, ಗೇನ್ ಕನಿಷ್ಠ. ಫೋನಿನ ವಾಲ್ಯೂಮ್ ಹತ್ತರಲ್ಲಿ ಒಂಬತ್ತು. 300 ಹರ್ಟ್ಸಿನ, 0 ಡೆಸಿಬೆಲ್ ಮಟ್ಟದ (ಡಿಜಿಟಲ್ ರೆಕಾರ್ಡಿಂಗಿನಲ್ಲಿ ಅದೇ ಗರಿಷ್ಠ) ಟೋನ್ ಹಾಕಿ. ಎಲ್ಲರೂ 1000 ಹರ್ಟ್ಸ್ ಅನ್ನುತ್ತಾರೆ, ಆದರೆ ಅಗ್ಗದ ಹಳದಿ ಮಲ್ಟಿಮೀಟರ್ ಎಸಿಯನ್ನು 400 ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಅಳೆಯುತ್ತದೆ, ಆಮೇಲೆ ಸುಳ್ಳು. ಸ್ಪೀಕರ್ ಕಡ್ಡಿಗಳ ನಡುವೆ ಎಸಿ ವೋಲ್ಟ್ ನೋಡುತ್ತ ಗೇನ್ ಏರಿಸಿ. 4 ಓಮಿಗೆ 50 ವ್ಯಾಟ್ ಅಂದರೆ 14.1 ವೋಲ್ಟ್. ಅಲ್ಲಿಗೆ ಹೋಗದೆ 12.6ಕ್ಕೆ ನಿಲ್ಲಿಸಿ, ಅಂದರೆ 40 ವ್ಯಾಟಿಗೆ. ಇಂಜಿನ್ ಆಫ್ ಇದ್ದು ಬ್ಯಾಟರಿ ಇಳಿದಾಗ ಆಂಪ್ಲಿಫೈಯರಿಗೆ ಪೂರ್ತಿ 50 ಕೊಡುವ ತಾಕತ್ತು ಇರುವುದಿಲ್ಲ, ಒಡಕು ಶುರುವಾಗುತ್ತದೆ. ಕಿವಿಗೆ ಆ 10 ವ್ಯಾಟಿನ ವ್ಯತ್ಯಾಸ ಒಂದು ಡೆಸಿಬೆಲ್ ಮಾತ್ರ. ನಾಲ್ಕೂ ಚಾನೆಲ್ ಹೀಗೆ ಮಾಡಿ, ಸ್ಪೀಕರ್ ಸೇರಿಸಿ, ಹೈ-ಪಾಸ್ (ಕೆಳಗಿನ ಬಾಸ್ ತಡೆಯುವ) ಫಿಲ್ಟರನ್ನು 100 ಹರ್ಟ್ಸಿಗೆ ಇಡಿ.

ಬಾಸ್ ಹೋಯಿತಲ್ಲ ಎಂಬ ದೂರು ಆಗ ಖಂಡಿತ ಬರುತ್ತದೆ. ಅದು ಹೋಗಿರುವುದು ಫಿಲ್ಟರೊಂದರಿಂದಲೇ ಅಲ್ಲ. ಕಾರಿನ ಮುಚ್ಚಿದ ಗೂಡು ಬಾಸನ್ನು ಹಿಗ್ಗಿಸಿ ಕೊಡುತ್ತದೆ; ಹಿನ್ನೀರಿನ ನಡುವೆ ನಾಲ್ಕೂ ದಿಕ್ಕು ಬಯಲು. 12 ಡೆಸಿಬೆಲ್ ಬೂಸ್ಟ್ ಒತ್ತಿದರೆ 16 ಪಟ್ಟು ಪವರ್ ಬೇಕು, 5 ವ್ಯಾಟಿನ ಬಾಸಿಗೆ 80 ವ್ಯಾಟ್. ಅದನ್ನು ಆಂಪ್ಲಿಫೈಯರೂ ಕೊಡದು, ಸ್ಪೀಕರೂ ತಾಳದು.

‘ಕುಂಯ್’ ಸದ್ದಿಗೆ ಆಂಪ್ಲಿಫೈಯರಿನಿಂದ ಆರ್‌ಸಿಎ (ಹಾಡಿನ ಸಿಗ್ನಲ್ ತರುವ) ವೈರು ಕಿತ್ತು ನೋಡಿ. ಸದ್ದು ನಿಂತರೆ ಕಾಯಿಲೆ ಹಾಡು ಬರುವ ಕಡೆಯದ್ದು, ನಿಲ್ಲದಿದ್ದರೆ ಪವರ್ ವೈರಿನದ್ದು. ಮೊದಲನೆಯದೇ ಹೆಚ್ಚು. ಬ್ಲೂಟೂತ್ ರಿಸೀವರಿಗೂ ಆಂಪ್ಲಿಫೈಯರಿಗೂ ಒಂದೇ ಬ್ಯಾಟರಿಯಿಂದ ಎರಡು ದಾರಿಯ ನೆಗೆಟಿವ್ ಆಗಿರುತ್ತದೆ. ರಿಸೀವರಿನ 5 ವೋಲ್ಟಿಗೆ ಬಿ0505ಎಸ್ ಐಸೊಲೇಟೆಡ್ (ಒಳಬರುವ, ಹೊರಹೋಗುವ ನೆಗೆಟಿವ್ ಬೇರೆ ಇಡುವ) ಮಾಡ್ಯೂಲ್ ಹಾಕಿದರೆ ಆ ಸುತ್ತು ಕಡಿಯುತ್ತದೆ. ಒಂದು ವ್ಯಾಟಿನದ್ದು, ಫೋನ್ ಚಾರ್ಜಿಗೆ ಬರುವುದಿಲ್ಲ.

ಇಪ್ಪತ್ತು ಅಡಿಯ ದೋಣಿಗೆ ಡಿ ಕ್ಲಾಸ್ ಮರೀನ್, ಮಾತಿಗೆ ಬೇರೆ ಹಾರ್ನ್, ಸಣ್ಣದಕ್ಕೆ ಬೋರ್ಡ್. ಎಬಿ ಈಗಾಗಲೇ ಮನೆಯಲ್ಲಿ ಇದ್ದರೆ ಬಳಸಿ, ಹೊಸದಾಗಿ ಕೊಳ್ಳಬೇಡಿ. ಏನೇ ಕಟ್ಟಿದರೂ ತುಂಗಾ ನದಿಯ ಮಂಡಗದ್ದೆ ಪಕ್ಷಿಧಾಮದಂಥ ಕಡೆ ಆಫ್ ಇರಲಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಮಳೆಗಾಲದಲ್ಲಿ ದೋಣಿ ನಿಂತರೆ ಸೆಟ್ ಬಿಚ್ಚಿ ಮನೆಗೆ ತನ್ನಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ, ಒಲೆಯ ಮೇಲಿನ ಅಟ್ಟದಲ್ಲಿ ಬೇಡ. ಹೊಗೆಯ ಜಿಡ್ಡು ಕನೆಕ್ಟರಿನ ಮೇಲೆ ಕೂರುತ್ತದೆ. ಬಿಚ್ಚುವಾಗ ಮೊದಲು ಬ್ಯಾಟರಿಯ ಮೈನಸ್, ಆಮೇಲೆ ಪ್ಲಸ್. ಕಟ್ಟುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್.