ಕೋಟ್ಲಿನ್ ಕಲಿಯಲೋ, ಫ್ಲಟರ್ ಹಿಡಿಯಲೋ?

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೂತು ಆ್ಯಪ್ ಮಾಡಿಕೊಟ್ಟು ಸಂಪಾದಿಸುವುದಾದರೆ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕೋಟ್ಲಿನ್‌ಗಿಂತ, ಆ್ಯಪ್ ಕಟ್ಟುವ ಸಾಧನ ಫ್ಲಟರ್ ವಾಸಿ. ಹೋಂಸ್ಟೇಯವರು ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಕೇಳುತ್ತಾರೆ. ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಿ ಒಮ್ಮೆ ಬರೆದದ್ದು ಬಹುಪಾಲು ಎರಡಕ್ಕೂ ಆಗುತ್ತದೆ. ಆದರೆ ಐಫೋನ್ ಬಿಲ್ಡ್‌ಗೆ, ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟುವುದಕ್ಕೆ, ಮ್ಯಾಕ್ ಕಂಪ್ಯೂಟರ್ ಬೇಕೇ ಬೇಕು, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಬೇರೆ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್. ಅಲ್ಲಿ ಹೊಸ ವೈಯಕ್ತಿಕ ಖಾತೆಯಾದರೆ ಆ್ಯಪ್ ಬಿಡುಗಡೆಗೆ ಮೊದಲು 12 ಮಂದಿ ಪರೀಕ್ಷಕರು ಅದರ ಪರೀಕ್ಷೆಗೆ ಸತತ 14 ದಿನ ಸೇರಿಕೊಂಡಿರಬೇಕು. ಗಿರಾಕಿಗೆ ತಾರೀಖು ಕೊಡುವ ಮುನ್ನ ಇದನ್ನು ಲೆಕ್ಕ ಹಿಡಿಯಿರಿ. ಹೆಚ್ಚಿನವರು ಎಡವುವುದೇ ಇಲ್ಲಿ.

ಬ್ಲೂಟೂತ್, ಹಿನ್ನೆಲೆ ಸೇವೆಯಂಥ ಫೋನಿನ ಒಳಗಿನ ಕೆಲಸಕ್ಕೆ ಕೋಟ್ಲಿನ್ನೇ ನೇರ ದಾರಿ.

ಯಾವುದೇ ಆಗಲಿ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ತೆವಳುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಆ ಫೋನನ್ನೇ ಜೋಡಿಸಿ. ಆಂಡ್ರಾಯ್ಡ್ ಬಿಲ್ಡ್ ಮಾಡುವ ಸಾಧನ ಗ್ರೇಡಲ್ ಮೊದಲ ಬಿಲ್ಡ್‌ನಲ್ಲೇ ಲೈಬ್ರರಿಗಳನ್ನೆಲ್ಲ ಇಳಿಸಿಕೊಳ್ಳುತ್ತದೆ. ಕಕ್ಕಡ ತಿಂಗಳ ಮಳೆಗೆ ನೆಟ್ ಹೋಗುವ ಮುನ್ನ ಅದೊಂದನ್ನು ಮುಗಿಸಿಟ್ಟರೆ ಆಫ್‌ಲೈನ್ ಮೋಡ್‌ನಲ್ಲಿ ಕೆಲಸ ಸಾಗುತ್ತದೆ, ಬ್ಯಾಟರಿ ಇರುವಷ್ಟು ಹೊತ್ತು.