ಕತೆ ತಿದ್ದಲು ಮುದ್ರಿತ ಪ್ರತಿಯೋ, ಗಟ್ಟಿ ಓದೋ?

ಸಣ್ಣಕತೆಯ ಮೊದಲ ಕರಡು ಮುಗಿಸಿ ಅದನ್ನು ಸ್ವತಃ ತಿದ್ದಲು ಹೊರಟವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ: ಮುದ್ರಿಸಿದ ಪ್ರತಿಯನ್ನು ಪೆನ್ನು ಹಿಡಿದು ಓದುವುದು ಅಥವಾ ಇಡೀ ಕತೆಯನ್ನು ಗಟ್ಟಿಯಾಗಿ ಓದಿ ಕೇಳಿಸಿಕೊಳ್ಳುವುದು.

ರಚನೆಯ ದೋಷಗಳಿಗೆ ಕಾಗದವೇ ಮೇಲು. ಪುಟಗಳನ್ನು ಸಾಲಾಗಿ ಹರಡಿಕೊಂಡರೆ ಯಾವ ಸನ್ನಿವೇಶ ಅಗತ್ಯಕ್ಕಿಂತ ಹಿಗ್ಗಿದೆ, ಕತೆ ನಿಜವಾಗಿ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ; ಎಷ್ಟೋ ಕರಡುಗಳಲ್ಲಿ ಮೊದಲ ಪುಟವನ್ನು ಪೂರ್ತಿ ತೆಗೆದರೂ ನಷ್ಟವಿಲ್ಲ.

ವಾಕ್ಯದ ಲಯಕ್ಕೆ ಬಂದಾಗ ಕಿವಿಯನ್ನು ಮೀರಿಸುವ ಸಾಧನವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುವುದರಿಂದ, ‘ಅವಳು ಬಾಗಿಲು ತೆರೆದಳು. ಒಳಗೆ ಬಂದಳು. ಚಾಪೆಯ ಮೇಲೆ ಕುಳಿತಳು’ ಎಂಬಂಥ ಸಾಲುಗಳ ಏಕತಾನತೆ ಕಣ್ಣಿಗೆ ಬೀಳದಿದ್ದರೂ ಬಾಯಿಬಿಟ್ಟು ಓದಿದೊಡನೆ ಕಿರಿಕಿರಿ ಹುಟ್ಟಿಸುತ್ತದೆ. ‘ಬಾಗಿಲು ತೆರೆದು ಒಳಗೆ ಬಂದವಳೇ ಚಾಪೆಯ ಮೇಲೆ ಕುಳಿತಳು’ ಎಂದು ಕೂಡಿಸಿದರೆ ಚಲನೆ ಬರುತ್ತದೆ. ಆದರೆ ಪಾತ್ರದ ದಣಿವನ್ನೋ ಹಿಂಜರಿಕೆಯನ್ನೋ ತೋರಿಸಬೇಕಾದಲ್ಲಿ ಆ ತುಂಡು ವಾಕ್ಯಗಳೇ ಸರಿಯೆನಿಸಬಹುದು, ಅದನ್ನೂ ಕಿವಿಯೇ ನಿರ್ಧರಿಸಬೇಕು. ಸಂಭಾಷಣೆಯಲ್ಲಂತೂ ಗಟ್ಟಿ ಓದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ: ‘ಏನ್ ಮಾಡಾಕತ್ತೀ’ ಎಂದು ಕೇಳಿದ ಧಾರವಾಡದ ಪಾತ್ರ ಮುಂದಿನ ಪುಟದಲ್ಲಿ ‘ಏನ್ ಮಾಡ್ತಿದ್ದೀಯ’ ಎಂದರೆ ನಾಲಿಗೆ ಅಲ್ಲೇ ತಡವರಿಸುತ್ತದೆ.

ಕಂಪ್ಯೂಟರ್ ಪರದೆ ಕೊನೆಯ ಸುತ್ತಿಗೆ, ಅಂದರೆ ಹೆಸರುಗಳ ಕಾಗುಣಿತವನ್ನು ಹುಡುಕಿ ಸರಿಪಡಿಸುವುದಕ್ಕೆ ಸಾಕು.

ಕತೆ ಎಳೆದಂತಿದೆ ಎನ್ನಿಸಿದವರು ಕಾಗದವನ್ನೂ, ಚೌಕಟ್ಟು ಗಟ್ಟಿಯಿದ್ದು ಭಾಷೆ ತೊಡರುತ್ತಿದೆ ಎನ್ನಿಸಿದವರು ಗಟ್ಟಿ ಓದನ್ನೂ ಆರಿಸಿಕೊಳ್ಳಬೇಕು. ಎರಡಕ್ಕೂ ಸಮಯವಿದ್ದರೆ ಕಾಗದವೇ ಮೊದಲಾಗಲಿ, ಇಲ್ಲವಾದರೆ ಮುಂದೆ ಕತ್ತರಿಸಿಹಾಕುವ ವಾಕ್ಯಗಳನ್ನೇ ತಿದ್ದುತ್ತ ಕೂರಬೇಕಾಗುತ್ತದೆ.